ನಂಜನಗೂಡಿಗೆ ಹೊರಟವರಿಗೆ: ಹೊಳೆ, ಕಥೆ, ಹರಕೆ, ದರ್ಶನದ ಕ್ರಮ

ನಂಜನಗೂಡಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಮೊದಲು ಹೊಳೆ ಸ್ನಾನ ಮಾಡಬೇಕಾ, ಇಲ್ಲ ನೇರ ದೇವಸ್ಥಾನಕ್ಕೆ ಹೋಗಬಹುದಾ? ಪರಶುರಾಮನ ಗುಡಿಗೆ ಹೋಗಲೇಬೇಕಾ? ಉರುಳು ಸೇವೆಗೆ ಏನು ತಯಾರಿ ಬೇಕು? ಟಿಪ್ಪು ಕೊಟ್ಟ ಲಿಂಗ ಎಲ್ಲಿದೆ? ದೊಡ್ಡ ಜಾತ್ರೆಗೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ? ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ನಡೆಯುವ ಕ್ರಮದಲ್ಲೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಪ್ರತಿಯೊಂದು ಪದ್ಧತಿಯ ಹಿಂದೆಯೂ ಒಂದು ಕಥೆ ಇದೆ. ಮಣ್ಣನ್ನು ಪ್ರಸಾದ ಅಂತ ಯಾಕೆ ಹಚ್ಚಿಕೊಳ್ಳುತ್ತಾರೆ, ದೇವರನ್ನು ವೈದ್ಯ ಅಂತ ಯಾಕೆ ಕರೆಯುತ್ತಾರೆ, ಪಕ್ಕದ ಸಣ್ಣ ಗುಡಿಗೆ ಹೋಗದಿದ್ದರೆ ಹಿರಿಯರು ಯಾಕೆ ಗೊಣಗುತ್ತಾರೆ, ಎಲ್ಲಕ್ಕೂ ಉತ್ತರ ಕಥೆಯಲ್ಲೇ ಸಿಗುತ್ತದೆ. ಕಥೆ ಗೊತ್ತಿಲ್ಲದೆ ಹೋದರೆ ಸುಮ್ನೆ ಸಾಲಿನಲ್ಲಿ ನಿಂತು ಬಂದ ಹಾಗಾಗುತ್ತದೆ. ಹಾಗಾಗಿ ಚೀಲ ಕಟ್ಟುವುದಕ್ಕಿಂತ ಮೊದಲು ಕಥೆ.

1. ಹೊರಡುವ ಮೊದಲು ಕಥೆಗಳನ್ನು ಕೇಳಿಕೊಳ್ಳಿ

ಸ್ಥಳಪುರಾಣ ಅಂದರೆ ಒಂದು ಕ್ಷೇತ್ರ ಹೇಗೆ ಹುಟ್ಟಿತು, ಅಲ್ಲಿ ಯಾವ ದೇವರು ಯಾಕೆ ನೆಲೆಸಿದ ಎಂದು ಹೇಳುವ ಕಥೆ. ನಂಜನಗೂಡಿಗೆ ಇಂಥ ಕಥೆ ಒಂದಲ್ಲ, ಮೂರು ನಾಲ್ಕು ಇವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ದೇವತೆಗಳೂ ಅಸುರರೂ ಸೇರಿ ಹಾಲ್ಗಡಲನ್ನು ಕಡೆದಾಗ ಅಮೃತಕ್ಕಿಂತ ಮೊದಲು ಹಾಲಾಹಲ ಎದ್ದಿತು. ಅದು ಲೋಕವನ್ನೇ ಸುಡುವಂಥ ವಿಷ. ಶಿವ ಅದನ್ನು ಕುಡಿದ. ಪಾರ್ವತಿ ಅವನ ಗಂಟಲು ಹಿಡಿದಳು, ವಿಷ ಅಲ್ಲೇ ನಿಂತಿತು. ನಂಜನ್ನು ಉಂಡವನು ನಂಜುಂಡ. ಸಂಸ್ಕೃತದಲ್ಲಿ ಶ್ರೀಕಂಠೇಶ್ವರ. ಹಳೆಯ ಬರಹಗಳಲ್ಲಿ ಈ ಊರನ್ನು ಗರಳಪುರಿ ಅಂತಲೂ ಕರೆದಿದ್ದಾರೆ, ಗರಳ ಅಂದರೂ ವಿಷವೇ. ಇದೇ ಜಾಗದಲ್ಲಿ ಶಿವ ಕೇಶಿ ಎಂಬ ರಾಕ್ಷಸನನ್ನು ಕೊಂದ, ಗೌತಮ ಋಷಿ ಇಲ್ಲಿ ಲಿಂಗವನ್ನು ಪ್ರತಿಷ್ಠೆ ಮಾಡಿದ ಅಂತಲೂ ಪುರಾಣ ಹೇಳುತ್ತದೆ. ಗೌತಮನ ಹೆಸರನ್ನು ನೆನಪಿಟ್ಟುಕೊಳ್ಳಿ, ಜಾತ್ರೆಯಲ್ಲಿ ಮತ್ತೆ ಬರುತ್ತದೆ.

ಎರಡನೆಯದು ಪರಶುರಾಮನ ಕಥೆ. ನನ್ನ ಪ್ರಕಾರ ಈ ಊರಿನ ನಿಜವಾದ ಕಥೆ ಇದೇ. ಸಮುದ್ರಮಥನ ಎಲ್ಲ ಕಡೆಯ ಶಿವನಿಗೂ ಸೇರಿದ್ದು, ಪರಶುರಾಮನದ್ದು ಈ ಹೊಳೆ ದಂಡೆಯದ್ದು. ಅಪ್ಪ ಜಮದಗ್ನಿಯ ಮಾತಿಗೆ ಕಟ್ಟುಬಿದ್ದು ಅವನು ತಾಯಿ ರೇಣುಕೆಯ ತಲೆ ಕಡಿದ. ಅಪ್ಪ ವರ ಕೊಟ್ಟಾಗ ತಾಯಿಯನ್ನು ಬದುಕಿಸಿಕೊಂಡ, ಸರಿ. ಆದರೆ ಮಾಡಿದ ಪಾಪ ಬಿಡಲಿಲ್ಲ. ಎಲ್ಲಿ ಹೋದರೂ ನೆಮ್ಮದಿ ಇಲ್ಲ. ಕೊನೆಗೆ ಕಪಿಲಾ ಮತ್ತು ಕೌಂಡಿನ್ಯ ಹೊಳೆಗಳು ಕೂಡುವ ಜಾಗಕ್ಕೆ ಬಂದ. ತಪಸ್ಸಿಗೆ ಕೂರಲು ಜಾಗ ಬೇಕಲ್ಲ, ಕೊಡಲಿ ಹಿಡಿದು ಗಿಡಗಂಟಿ ಸವರತೊಡಗಿದ. ಒಂದು ಏಟು ಮಣ್ಣಿನಲ್ಲಿ ಹುದುಗಿದ್ದ ಲಿಂಗದ ತಲೆಗೆ ಬಿತ್ತು. ಲಿಂಗದಿಂದ ರಕ್ತ ಚಿಮ್ಮಿತು.

ಒಂದು ಪಾಪ ಕಳೆಯಲು ಬಂದವನಿಂದ ಇನ್ನೊಂದು ಆಯಿತು. ಪರಶುರಾಮ ತನ್ನ ತಲೆಯನ್ನೇ ಕೊಡಲು ಮುಂದಾದ. ಆಗ ಶಿವ ತಡೆದು, ಹೊಳೆಯ ಹಸಿ ಮಣ್ಣು ತಂದು ಗಾಯಕ್ಕೆ ಮೆತ್ತಲು ಹೇಳಿದ. ರಕ್ತ ನಿಂತಿತು. ಜೊತೆಗೆ ಶಿವ ಇನ್ನೊಂದು ಮಾತು ಕೊಟ್ಟ: ಇಲ್ಲಿ ನಿನ್ನ ಗುಡಿಯೂ ಇರುತ್ತದೆ, ನನ್ನನ್ನು ನೋಡಲು ಬಂದವರು ನಿನ್ನನ್ನೂ ನೋಡಿದರೆ ಮಾತ್ರ ಯಾತ್ರೆ ಪೂರ್ತಿ. ಈ ಮಣ್ಣಿಗೆ ಮೃತ್ತಿಕೆ ಎನ್ನುತ್ತಾರೆ. ಇಂದಿಗೂ ಭಕ್ತರು ಅದನ್ನು ರೋಗ ಕಳೆಯುವ ಪ್ರಸಾದ ಅಂತ ನಂಬುತ್ತಾರೆ. ಗಾಯಗೊಂಡ ದೇವರೇ ವೈದ್ಯನಾದ ಕಥೆ ಇದು.

ಮೂರನೆಯದು ಟಿಪ್ಪು ಸುಲ್ತಾನನ ಕಥೆ. ಅವನ ಪಟ್ಟದ ಆನೆಯ ಕಣ್ಣು ಹೋಯಿತಂತೆ. ಯಾವ ಮದ್ದಿಗೂ ಗುಣವಾಗಲಿಲ್ಲ. ನಂಜುಂಡನಿಗೆ ಪೂಜೆ ಮಾಡಿಸಿದ ಮೇಲೆ ಆನೆಗೆ ಕಣ್ಣು ಬಂತು, ಸುಲ್ತಾನ ಖುಷಿಯಾಗಿ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದ, ಪಚ್ಚೆಯ ಲಿಂಗವನ್ನೂ ಪಚ್ಚೆಯ ಹಾರವನ್ನೂ ಕೊಟ್ಟ ಎಂದು ಹೇಳುತ್ತಾರೆ. ಹಕೀಂ ಅಂದರೆ ವೈದ್ಯ. ಆನೆಯ ಕಥೆಯನ್ನು ಕಥೆಯಾಗಿಯೇ ಕೇಳಿ. ಲಿಂಗ ಮಾತ್ರ ದೇವಸ್ಥಾನದಲ್ಲಿದೆ, ನೋಡಬಹುದು.

ನಾಲ್ಕನೆಯದು ಪುರಾಣದಲ್ಲಿ ಇಲ್ಲ. ಅದು ಜನಪದರ ಬಾಯಲ್ಲಿದೆ, ಈ ಸೀಮೆಯ ಹಾಡುಗಾರರು ತಂಬೂರಿ ಮೀಟಿಕೊಂಡು ರಾತ್ರಿಯೆಲ್ಲ ಹಾಡುವಂಥದ್ದು. ಅದರಲ್ಲಿ ನಂಜುಂಡ ಕೈಲಾಸದ ಗಂಭೀರ ಶಿವ ಅಲ್ಲ, ನಮ್ಮ ನಿಮ್ಮ ಥರ ಒಬ್ಬ ಸಂಸಾರಸ್ಥ. ಮನೆಯಲ್ಲಿ ಹೆಂಡತಿ ದೇವೀರಿ, ಅಂದರೆ ಪಾರ್ವತಿ. ಅಯ್ಯನ ಮನಸ್ಸು ಮಾತ್ರ ಬೆಟ್ಟದ ಚಾಮುಂಡಿಯ ಮೇಲೆ. ಕದ್ದು ಮುಚ್ಚಿ ಬೆಟ್ಟಕ್ಕೆ ಹೋಗಿ ಬರುತ್ತಾನೆ. ದೇವೀರಿಗೆ ಸುದ್ದಿ ಮುಟ್ಟುತ್ತದೆ. ಆಮೇಲೆ ಸವತಿಯರ ಜಗಳ, ಬೈಗುಳ, ಹಾಸ್ಯ, ಎಲ್ಲವೂ ಇದೆ. ಇದನ್ನು ಕೇಳಿ ಮುಖ ಸಿಂಡರಿಸುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೇವರನ್ನು ಇಷ್ಟು ಸಲಿಗೆಯಿಂದ ಕಾಣಬೇಕಾದರೆ ಅವನು ಮನೆಯವನೇ ಆಗಿರಬೇಕು, ಅಲ್ವಾ?

2. ದಿನ ಆರಿಸಿಕೊಳ್ಳಿ

ನೆಮ್ಮದಿಯಾಗಿ ನೋಡಬೇಕು ಅಂದರೆ ಮಂಗಳವಾರದಿಂದ ಶುಕ್ರವಾರದೊಳಗೆ, ಹಬ್ಬವಿಲ್ಲದ ದಿನ, ಬೆಳಗ್ಗೆ ಬೇಗ ಹೋಗಿ. ಸೋಮವಾರ ಶಿವನ ವಾರ, ಜನ ಜಾಸ್ತಿ. ಕಾರ್ತಿಕ ಮಾಸದ ಸೋಮವಾರಗಳಲ್ಲಿ ಇನ್ನೂ ಜಾಸ್ತಿ. ಹುಣ್ಣಿಮೆ, ಅಮಾವಾಸ್ಯೆ, ಶಿವರಾತ್ರಿ, ರಜೆಯ ಭಾನುವಾರಗಳಲ್ಲಿ ಸಾಲು ಉದ್ದ ಇರುತ್ತದೆ.

ಹರಕೆ ಇದ್ದವರು ಹೀಗೆ ದಿನ ಆರಿಸುವ ಹಾಗಿಲ್ಲ. ನಿಮ್ಮ ಮನೆಯಲ್ಲಿ ಹುಣ್ಣಿಮೆಗೇ ಬರುತ್ತೇವೆ ಅಂತ ಹೇಳಿಕೊಂಡಿದ್ದರೆ ಹುಣ್ಣಿಮೆಗೇ ಹೋಗಿ, ಕಾಯುವುದಕ್ಕೆ ಸಿದ್ಧರಾಗಿ.

ಇಲ್ಲಿ ಹೆಚ್ಚಿನವರು ಎಡವುವುದು ಮಳೆಗಾಲದಲ್ಲಿ. ಕಪಿಲೆಗೆ ಇನ್ನೊಂದು ಹೆಸರು ಕಬಿನಿ. ಅದು ಹುಟ್ಟುವುದು ಕೇರಳದ ವಯನಾಡಿನ ಕಡೆ. ನಂಜನಗೂಡಿನ ಮೇಲ್ಗಡೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆ ಇದೆ. ವಯನಾಡಿನಲ್ಲಿ ಮಳೆ ಜೋರಾದರೆ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ. ನಂಜನಗೂಡಿನಲ್ಲಿ ಬಿಸಿಲಿದ್ದರೂ ಹೊಳೆ ತುಂಬಿ ಬರುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಸ್ನಾನಘಟ್ಟ ಪೂರ್ತಿ ಮುಳುಗಿತ್ತು. ಮೈಸೂರು ರಸ್ತೆಯಲ್ಲಿ ಮಲ್ಲನಮೂಲೆ ಹತ್ತಿರ ನೀರು ಬಂದರೆ ಓಡಾಟಕ್ಕೂ ತೊಂದರೆ. ಹಾಗಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ಹೊರಡುವುದಾದರೆ ಹಿಂದಿನ ದಿನ ಕಬಿನಿ ಹೊರಹರಿವಿನ ಸುದ್ದಿ ನೋಡಿಕೊಳ್ಳಿ. ಹೊರಹರಿವು ಅಂದರೆ ಅಣೆಕಟ್ಟೆಯಿಂದ ಆಚೆ ಬಿಡುತ್ತಿರುವ ನೀರು. ಪತ್ರಿಕೆಗಳಲ್ಲಿ ಅದನ್ನು ಕ್ಯುಸೆಕ್ ಲೆಕ್ಕದಲ್ಲಿ ಹಾಕುತ್ತಾರೆ.

3. ತಲುಪುವುದು, ಕಟ್ಟಿಕೊಳ್ಳುವುದು

ಮೈಸೂರಿನಿಂದ ಊಟಿ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್. ಬಸ್ಸುಗಳಿಗೆ ಕೊರತೆ ಇಲ್ಲ. ಚಾಮರಾಜನಗರದ ಕಡೆ ಹೋಗುವ ರೈಲೂ ಇಲ್ಲಿ ನಿಲ್ಲುತ್ತದೆ. ನಿಲ್ದಾಣದ ಹೆಸರು ನಂಜನಗೂಡು ಟೌನ್, ಅಲ್ಲಿಂದ ದೇವಸ್ಥಾನ ಹತ್ತಿರವೇ.

ಊರಿನ ಹತ್ತಿರ ಕಪಿಲೆ ದಾಟುವಾಗ ಹಳೆಯ ಕಲ್ಲಿನ ಸೇತುವೆಯೊಂದು ಕಾಣಿಸುತ್ತದೆ. ಅದನ್ನು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ದಳವಾಯಿ ಅಂದರೆ ಸೇನಾಪತಿ. ಆಗ ಮೈಸೂರಿನ ದಳವಾಯಿಗಳು ಬಂದಿದ್ದು ಇಲ್ಲೇ ಪಕ್ಕದ ಕಳಲೆ ಮನೆತನದಿಂದ. ಮುಂದೆ ಇದೇ ಸೇತುವೆ ಮೇಲೆ ರಸ್ತೆಯೂ ರೈಲೂ ಒಟ್ಟಿಗೆ ಹೋಗುತ್ತಿದ್ದವು.

ಚೀಲದಲ್ಲಿ ಇರಬೇಕಾದದ್ದು: ಸ್ನಾನ ಮಾಡುವವರಿಗೆ ಇನ್ನೊಂದು ಜೊತೆ ಬಟ್ಟೆ, ಟವೆಲ್, ಒದ್ದೆ ಬಟ್ಟೆ ಹಾಕಿಕೊಳ್ಳಲು ಒಂದು ಚೀಲ. ಅರ್ಚನೆ ಮಾಡಿಸುವವರು ಮನೆಯವರ ನಕ್ಷತ್ರ, ಗೋತ್ರ ಗೊತ್ತಿದ್ದರೆ ಬರೆದುಕೊಂಡು ಹೋಗಿ. ಪೂಜೆಗೆ ಮುಂಚೆ ಯಾರ ಹೆಸರಿನಲ್ಲಿ, ಯಾವುದಕ್ಕಾಗಿ ಮಾಡುತ್ತಿದ್ದೇವೆ ಎಂದು ಹೇಳುವುದಕ್ಕೆ ಸಂಕಲ್ಪ ಎನ್ನುತ್ತಾರೆ, ಅಲ್ಲಿ ಕೇಳುತ್ತಾರೆ. ಗೋತ್ರ ಗೊತ್ತಿಲ್ಲದಿದ್ದರೆ ಹೆಸರು ಹೇಳಿದರೆ ಸಾಕು, ಅದಕ್ಕೆ ಯಾರೂ ಸಂಕೋಚ ಪಡಬೇಕಾಗಿಲ್ಲ. ಒಡವೆ ಕಡಿಮೆ ಹಾಕಿಕೊಳ್ಳಿ. ಮೈ ತುಂಬ ಮುಚ್ಚುವ, ಕೂತು ಎದ್ದು ಮಾಡಲು ಸಲೀಸಾದ ಬಟ್ಟೆ ಇರಲಿ.

4. ಹೊಳೆಗೆ ಇಳಿಯುವುದು

ಸಂಪ್ರದಾಯದ ಪ್ರಕಾರ ಕಪಿಲೆಯಲ್ಲಿ ಮಿಂದು ದರ್ಶನಕ್ಕೆ ಹೋಗಬೇಕು. ವಯಸ್ಸಾದವರು, ಮಕ್ಕಳು, ಆರೋಗ್ಯ ಸರಿ ಇಲ್ಲದವರು ಮೆಟ್ಟಿಲ ಮೇಲೆ ಕೂತು ಕೈಕಾಲು ತೊಳೆದು, ತಲೆಗೆ ಮೂರು ಸಲ ನೀರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಪ್ರೋಕ್ಷಣೆ ಅಂದರೆ ಚಿಮುಕಿಸಿಕೊಳ್ಳುವುದು. ಮನೆಯಲ್ಲಿ ಸ್ನಾನ ಮಾಡಿ ಬಂದವರು ಹೊಳೆಗೆ ಕೈ ಮುಗಿದು ಹೋಗುವುದೂ ನಡೆಯುತ್ತದೆ.

ಇಳಿಯುವ ಮೊದಲು ನದಿಯಲ್ಲಿರುವ ಹದಿನಾರು ಕಾಲು ಮಂಟಪವನ್ನು ನೋಡಿ. ಊರಿನವರಿಗೆ ಅದೇ ನೀರಿನ ಅಳತೆಗೋಲು. ಮಂಟಪದ ಕಂಬಗಳು ಮುಳುಗುತ್ತಿವೆ ಅಂದರೆ ಹೊಳೆ ಏರುತ್ತಿದೆ ಅಂತ ಅರ್ಥ, ಮೆಟ್ಟಿಲ ಹತ್ತಿರವೂ ಹೋಗಬೇಡಿ. ಪೊಲೀಸರು ಹಗ್ಗ ಕಟ್ಟಿದ್ದರೆ, ಬ್ಯಾರಿಕೇಡ್ ಇಟ್ಟಿದ್ದರೆ ದಾಟಬೇಡಿ. ದೇವರು ಕಾಪಾಡುತ್ತಾನೆ ಅನ್ನುವ ಧೈರ್ಯ ಈಜಿಗೆ ಬದಲಿ ಅಲ್ಲ.

ನೀರು ಕಡಿಮೆ ಇದ್ದಾಗಲೂ ಜೋಪಾನ. ಮೆಟ್ಟಿಲುಗಳು ಪಾಚಿ ಕಟ್ಟಿ ಜಾರುತ್ತವೆ. ಮೆಟ್ಟಿಲು ಮುಗಿದ ಕಡೆ ತಟ್ಟನೆ ಆಳ ಇರಬಹುದು. ಕಂಬಿ ಇರುವ ಕಡೆಯೇ ಇಳಿಯಿರಿ, ಸೊಂಟದ ಮಟ್ಟ ದಾಟಬೇಡಿ. ಮಂಟಪದವರೆಗೆ ಈಜಿ ಫೋಟೊ ತೆಗೆಸಿಕೊಳ್ಳುವ ಹುಡುಗರ ಹುಚ್ಚಾಟಕ್ಕೆ ಜೊತೆಯವರೇ ಕಡಿವಾಣ ಹಾಕಬೇಕು.

ಇನ್ನೊಂದು ವಿಷಯಕ್ಕೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಸ್ನಾನ ಮಾಡಿದ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟರೆ ದೋಷ ಹೋಗುತ್ತದೆ ಅಂತ ಯಾರೋ ಹೇಳುತ್ತಾರೆ, ಜನ ಬಿಡುತ್ತಾರೆ. ಪರಶುರಾಮ ಬಟ್ಟೆ ಬಿಟ್ಟು ಹೋದ ಅಂತ ಯಾವ ಕಥೆಯೂ ಇಲ್ಲ. ಆ ಸೀರೆ, ಪಂಚೆಗಳು ನೀರಿನೊಳಗೆ ಕಾಲಿಗೆ ಸುತ್ತಿಕೊಳ್ಳುತ್ತವೆ, ಕೆಸರಿನಲ್ಲಿ ಕೊಳೆಯುತ್ತವೆ. ಸ್ವಯಂಸೇವಕರು ಆಗಾಗ ಹೊಳೆಗೆ ಇಳಿದು ರಾಶಿಗಟ್ಟಲೆ ಬಟ್ಟೆ ಎಳೆದು ಹಾಕುತ್ತಾರೆ, ಮತ್ತೆ ಅಷ್ಟೇ ಬೀಳುತ್ತದೆ. ನಿಮ್ಮ ಒದ್ದೆ ಬಟ್ಟೆ ನಿಮ್ಮ ಚೀಲಕ್ಕೆ ಬರಲಿ. ಸೋಪು, ಶಾಂಪೂ ಪೊಟ್ಟಣ ಹೊಳೆಗೆ ಬೇಡ. ತೀರ್ಥಸ್ನಾನ ಅಂದರೆ ಮುಳುಗಿ ಏಳುವುದು, ಮೈ ಉಜ್ಜುವುದಲ್ಲ.

5. ಪರಶುರಾಮನ ಗುಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ದೊಡ್ಡ ಗೋಪುರ ಕಂಡ ಕೂಡಲೇ ಎಲ್ಲರ ಕಾಲು ಅತ್ತ ತಿರುಗುತ್ತದೆ. ಪರಶುರಾಮ ಕ್ಷೇತ್ರ ಇರುವುದು ಸಂಗಮದ ಹತ್ತಿರ, ಕಪಿಲೆಗೆ ಕೌಂಡಿನ್ಯ ಬಂದು ಸೇರುವ ಕಡೆ. ಕೌಂಡಿನ್ಯ ಅಂದರೆ ಗುಂಡ್ಲುಪೇಟೆ ಕಡೆಯಿಂದ ಬರುವ ಗುಂಡ್ಲು ಹೊಳೆಯೇ.

ಗುಡಿ ಚಿಕ್ಕದು, ಗದ್ದಲ ಇಲ್ಲ. ಮೊದಲು ಇಲ್ಲಿಗೋ ಮೊದಲು ನಂಜುಂಡನಲ್ಲಿಗೋ ಎಂಬ ಪ್ರಶ್ನೆಗೆ ಮನೆ ಮನೆಗೆ ಬೇರೆ ಉತ್ತರ. ಕೆಲವರು ಸಂಗಮದಲ್ಲಿ ಮಿಂದು, ಪರಶುರಾಮನನ್ನು ನೋಡಿ, ಆಮೇಲೆ ದೊಡ್ಡ ದೇವಸ್ಥಾನಕ್ಕೆ ಬರುತ್ತಾರೆ. ಕೆಲವರು ನಂಜುಂಡನ ದರ್ಶನ ಮುಗಿಸಿ ಇಲ್ಲಿಗೆ ಬಂದು ಯಾತ್ರೆ ಮುಗಿಸುತ್ತಾರೆ. ನಿಮ್ಮ ಮನೆಯಲ್ಲಿ ಹಿರಿಯರು ಹೇಗೆ ಮಾಡುತ್ತಿದ್ದರೋ ಹಾಗೆ ಮಾಡಿ. ಹೊಸಬರಾದರೆ ಮೊದಲು ಇಲ್ಲಿಗೆ ಬಂದರೆ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಕಾರಣ ದೊಡ್ಡದೇನಲ್ಲ, ದೊಡ್ಡ ಸಾಲಿನಲ್ಲಿ ನಿಂತು ಸುಸ್ತಾದ ಮೇಲೆ ಇಲ್ಲಿಗೆ ಬರುವ ಮನಸ್ಸು ಯಾರಿಗೂ ಇರುವುದಿಲ್ಲ. ಹೊಳೆ ತುಂಬಿದಾಗ ಈ ಗುಡಿಗೂ ನೀರು ಬರುತ್ತದೆ, ಆಗ ಒತ್ತಾಯ ಮಾಡಿಕೊಳ್ಳಬೇಡಿ.

ಮೃತ್ತಿಕೆ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಅರ್ಚಕರು ಕೊಟ್ಟದ್ದನ್ನು ಹಣೆಗೆ ಇಟ್ಟುಕೊಳ್ಳಿ. ಹೊಳೆ ದಂಡೆಯ ಮಣ್ಣನ್ನು ನೀವೇ ಕೆದಕಿ ತಂದು ಹುಣ್ಣಿಗೆ, ಗಾಯಕ್ಕೆ ಹಚ್ಚಬೇಡಿ, ನುಂಗಲೂ ಬೇಡಿ. ನಂಜೇರಿದರೆ ನಂಜುಂಡನ ಹೆಸರು ಹೇಳಿಕೊಂಡು ಆಸ್ಪತ್ರೆಗೇ ಹೋಗಬೇಕಾಗುತ್ತದೆ.

6. ದೇವಸ್ಥಾನದ ಒಳಗೆ

ಗೋಪುರದ ಮುಂದೆ ಒಂದು ನಿಮಿಷ ನಿಂತು ತಲೆ ಎತ್ತಿ ನೋಡಿ. ಒಂಬತ್ತು ಅಂತಸ್ತು, ಸುಮಾರು 120 ಅಡಿ, ಮೇಲೆ ಏಳು ಕಳಶ. 1845ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಇದನ್ನು ಕಟ್ಟಿಸಿದರು. ದೇವಸ್ಥಾನ ಮಾತ್ರ ಇದಕ್ಕಿಂತ ಬಹಳ ಹಳೆಯದು. ಗರ್ಭಗುಡಿ ಗಂಗರ ಕಾಲದ್ದು ಎಂಬ ಮಾತಿದೆ, ಆಮೇಲೆ ಒಬ್ಬೊಬ್ಬ ಅರಸರ ಕಾಲದಲ್ಲಿ ಒಂದೊಂದು ಭಾಗ ಸೇರುತ್ತ ಬಂದಿದೆ. ಒಟ್ಟು ಉದ್ದ 385 ಅಡಿ, ಅಗಲ 160 ಅಡಿ, 147 ಕಂಬ. ಕರ್ನಾಟಕದ ದೊಡ್ಡ ದೇವಸ್ಥಾನಗಳ ಸಾಲಿನಲ್ಲಿ ಇದು ಸೇರುತ್ತದೆ.

ಸೇವೆ ಮಾಡಿಸುವುದಿದ್ದರೆ ಸಾಲಿಗೆ ನಿಲ್ಲುವ ಮುಂಚೆಯೇ ಕೌಂಟರಿನಲ್ಲಿ ಚೀಟಿ ತೆಗೆದುಕೊಳ್ಳಿ. ಅರ್ಚನೆ, ಅಭಿಷೇಕ, ತುಲಾಭಾರ, ಒಂದೊಂದಕ್ಕೂ ದರ ಫಲಕದಲ್ಲಿ ಬರೆದಿರುತ್ತದೆ. ಇದು ಮುಜರಾಯಿ ದೇವಸ್ಥಾನ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯ ಆಡಳಿತ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. "ಬೇಗ ದರ್ಶನ ಮಾಡಿಸ್ತೀನಿ ಬನ್ನಿ ಸಾರ್" ಅಂತ ಬರುವವರಿಗೆ ಕೈ ಮುಗಿದು ಮುಂದೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ, ಚೀಟಿ ತೆಗೆಯುವಾಗಲೇ ಕೇಳಿಕೊಳ್ಳಿ.

ದರ್ಶನ ಆದ ಕೂಡಲೇ ಹೊರಗೆ ಓಡುವುದು ಎರಡನೆಯ ದೊಡ್ಡ ತಪ್ಪು. ಮೂಲ ಲಿಂಗದ ಮುಂದೆ ನಿಮಗೆ ಸಿಗುವುದು ಕೆಲವು ಕ್ಷಣ ಅಷ್ಟೇ. ನಿಜವಾಗಿ ನೋಡುವುದಕ್ಕೆ ಸಿಗುವುದು ಪ್ರಾಕಾರದಲ್ಲಿ. ಪ್ರಾಕಾರ ಅಂದರೆ ಗರ್ಭಗುಡಿಯ ಸುತ್ತಲಿನ ಆವರಣ. ಪಾರ್ವತಿಯ ಗುಡಿ ಇದೆ, ನಾರಾಯಣನ ಗುಡಿಯೂ ಇದೆ, ಶಿವನ ಮನೆಯಲ್ಲಿ ವಿಷ್ಣುವಿಗೂ ಜಾಗ. ಗಣಪತಿಯ ಹಲವು ರೂಪಗಳು, ಶಿವನ ಲೀಲಾಮೂರ್ತಿಗಳು ಸಾಲಾಗಿವೆ. ಅರವತ್ತಮೂವರು ಪುರಾತನರ ಸಾಲೂ ಇದೆ. ಇವರು ತಮಿಳು ನಾಡಿನ ಶಿವಭಕ್ತರು, ಅಲ್ಲಿ ನಾಯನಾರರು ಅಂತ ಹೆಸರು. ಬೇಡರ ಕಣ್ಣಪ್ಪ ಇವರಲ್ಲೊಬ್ಬ, ಮಕ್ಕಳಿಗೆ ಅವನನ್ನು ತೋರಿಸಿ ಕಥೆ ಹೇಳಿ. ಮುಮ್ಮಡಿಯವರೂ ಅವರ ರಾಣಿಯರೂ ಕೈ ಮುಗಿದು ನಿಂತಿರುವ ಭಕ್ತವಿಗ್ರಹಗಳನ್ನೂ ಹುಡುಕಿ. ದೇವರಿಗಾಗಿ ಕಟ್ಟಿಸಿದವರು ದೇವರ ಮುಂದೆ ಸಾಲಿನಲ್ಲಿ ನಿಂತ ಹಾಗೆ ಇವೆ.

ಟಿಪ್ಪು ಕೊಟ್ಟದ್ದೆಂದು ಹೇಳುವ ಪಚ್ಚೆ ಲಿಂಗವನ್ನು ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ. ಕೇಳದಿದ್ದರೆ ಗೊತ್ತೇ ಆಗುವುದಿಲ್ಲ.

ರಾತ್ರಿ ಪೂಜೆಯ ಹೊತ್ತಿಗೆ ಇರುವವರಿಗೆ ಇನ್ನೊಂದು ವಿಶೇಷ. ಶುಂಠಿ, ಸಕ್ಕರೆ, ಬೆಣ್ಣೆ ಸೇರಿಸಿ ಮಾಡಿದ 'ಸುಗಂಧಿತ ಸಕ್ಕರೆ'ಯನ್ನು ನಂಜುಂಡನಿಗೆ ನೈವೇದ್ಯ ಮಾಡುವ ಪದ್ಧತಿ ಇದೆ. ನಂಜಿನ ಉರಿ ಕಮ್ಮಿಯಾಗಲಿ ಅಂತ. ಊರಿಗೆಲ್ಲ ಮದ್ದು ಕೊಡುವ ವೈದ್ಯನಿಗೂ ದಿನಾ ಮದ್ದು.

7. ಹರಕೆ ಇದ್ದರೆ

ಮೈಸೂರು, ಚಾಮರಾಜನಗರ, ಮಂಡ್ಯ ಸೀಮೆಯಲ್ಲಿ ಜಾತಿ ಪಂಗಡ ಅನ್ನದೆ ಸಾವಿರಾರು ಮನೆಗಳಿಗೆ ನಂಜುಂಡ ಮನೆದೇವರು. ಕಾಯಿಲೆ ಬಿದ್ದ ಮಗುವನ್ನು ಅವನ ಹೆಸರಿಗೆ ಹೇಳಿಕೊಂಡು, ಬದುಕಿದರೆ ಅವನ ಹೆಸರೇ ಇಡುತ್ತಿದ್ದರು. ನಂಜಪ್ಪ, ನಂಜಮ್ಮ, ನಂಜುಂಡಯ್ಯ, ನಂಜುಂಡಸ್ವಾಮಿ, ಶ್ರೀಕಂಠ. ನಿಮ್ಮ ಮನೆತನದಲ್ಲೂ ಒಬ್ಬರಾದರೂ ಇರಬಹುದು ನೋಡಿ.

ಹೆಚ್ಚು ನಡೆಯುವ ಹರಕೆ ಮೂರು. ಮುಡಿ ಕೊಡುವುದು, ಅಂದರೆ ತಲೆಗೂದಲು ತೆಗೆಸುವುದು. ತುಲಾಭಾರ, ಅಂದರೆ ಮಗುವಿನ ಅಥವಾ ದೊಡ್ಡವರ ತೂಕಕ್ಕೆ ಸಮನಾಗಿ ಬೆಲ್ಲ, ಅಕ್ಕಿ, ಕಾಸು ಹೀಗೆ ಹೇಳಿಕೊಂಡದ್ದನ್ನು ತೂಗಿ ಒಪ್ಪಿಸುವುದು. ಮೂರನೆಯದು ಉರುಳು ಸೇವೆ.

ಮುಡಿಗೆ ಚೀಟಿ ತೆಗೆದುಕೊಂಡು ನಿಗದಿಯಾದ ಜಾಗದಲ್ಲೇ ಕೊಡಿ. ಹೊಸ ಬ್ಲೇಡ್ ಹಾಕಲು ಹೇಳಿ, ನಿಮ್ಮ ಕಣ್ಣ ಮುಂದೆಯೇ ಹಾಕಲಿ. ಚಿಕ್ಕ ಮಗುವಿಗಾದರೆ ಹಾಲು ಕುಡಿಸಿ, ನಿದ್ದೆ ಮುಗಿಸಿ ಕರೆತನ್ನಿ. ಹಸಿದ ಮಗು ತಲೆ ಅಲ್ಲಾಡಿಸುತ್ತದೆ, ಗಾಯವಾಗುತ್ತದೆ.

ಉರುಳು ಸೇವೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಮಲಗಿ, ಕೈ ಜೋಡಿಸಿಕೊಂಡು ಉರುಳುತ್ತ ದೇವಸ್ಥಾನದ ಸುತ್ತ ಪ್ರದಕ್ಷಿಣೆ ಮಾಡುವುದು. ನೋಡಲು ಸುಲಭ ಅನ್ನಿಸುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಲೆ ಸುತ್ತುತ್ತದೆ, ದಿಕ್ಕು ತಪ್ಪುತ್ತದೆ. ಅದಕ್ಕೇ ಜೊತೆಯಲ್ಲಿ ಒಬ್ಬರು ನಡೆಯುತ್ತ ದಾರಿ ಸರಿ ಮಾಡುತ್ತಿರಬೇಕು. ಬೆಳಗಿನ ಜಾವವೇ ಮಾಡಿ. ಬೇಸಿಗೆಯಲ್ಲಿ ಹೊತ್ತು ಏರಿದರೆ ಕಲ್ಲು ಹಾಸು ಕಾದ ಹೆಂಚು. ಹೊಟ್ಟೆ ತುಂಬ ತಿಂದು ಮಾಡಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ, ಒಂದು ಲೋಟ ಹಾಲು ಕುಡಿದಿರಿ. ಕಿಸೆಯಲ್ಲಿ ಮೊಬೈಲು, ಕೀಲಿ ಇರಬಾರದು. ಬಿಪಿ, ಹೃದಯದ ತೊಂದರೆ, ಬೆನ್ನು ನೋವು, ತಲೆ ಸುತ್ತು ಇರುವವರು ಮಾಡಲೇಬೇಡಿ. ಅವರ ಬದಲು ಮನೆಯವರೊಬ್ಬರು ಮಾಡಬಹುದು, ಇಲ್ಲವೇ ಹೆಜ್ಜೆ ನಮಸ್ಕಾರ ಸಾಕು. ಹೆಜ್ಜೆ ನಮಸ್ಕಾರ ಅಂದರೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಿಧಾನವಾಗಿ ಸುತ್ತು ಬರುವುದು.

"ಅಜ್ಜಿ ಯಾವುದೋ ಹರಕೆ ಹೊತ್ತಿದ್ದರು, ಏನೆಂದು ಗೊತ್ತಿಲ್ಲ, ಈಗೇನು ಮಾಡುವುದು?" ಎಂದು ಕೇಳುವವರಿದ್ದಾರೆ. ಅರ್ಚಕರಿಗೆ ಇದು ಹೊಸದಲ್ಲ. ಹೇಳಿಕೊಂಡು ತಪ್ಪುಕಾಣಿಕೆ ಹಾಕಿ ಬನ್ನಿ. ಹರಕೆ ಮರೆತದ್ದಕ್ಕೆ, ತಡವಾದದ್ದಕ್ಕೆ ಹುಂಡಿಗೆ ಹಾಕುವ ಕಾಣಿಕೆ ಅದು. ಈ ಭಯವನ್ನೇ ಹಿಡಿದುಕೊಂಡು ದೊಡ್ಡ ದೊಡ್ಡ ಶಾಂತಿ ಹೋಮದ ಪಟ್ಟಿ ಕೊಡುವವರನ್ನು ನಂಬಬೇಡಿ.

8. ದೊಡ್ಡ ಜಾತ್ರೆಗೆ ಹೋಗುವುದಾದರೆ

ವರ್ಷಕ್ಕೆ ಎರಡು ಜಾತ್ರೆ. ಚಿಕ್ಕ ಜಾತ್ರೆ ನವೆಂಬರ್–ಡಿಸೆಂಬರ್ ಹೊತ್ತಿಗೆ ಬರುತ್ತದೆ. ದೊಡ್ಡ ಜಾತ್ರೆ ಮಾರ್ಚ್–ಏಪ್ರಿಲ್‌ನಲ್ಲಿ. ತಾರೀಕು ಪಂಚಾಂಗದ ಪ್ರಕಾರ ಪ್ರತಿ ವರ್ಷ ಬದಲಾಗುತ್ತದೆ, ಹಳೆಯ ಕ್ಯಾಲೆಂಡರ್ ನಂಬಿ ಹೊರಡಬೇಡಿ.

ದೊಡ್ಡ ಜಾತ್ರೆಯ ವಿಶೇಷ ಪಂಚ ಮಹಾರಥೋತ್ಸವ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಐದು ದೇವರಿಗೆ ಐದು ತೇರು. ಗಣಪತಿಯ ತೇರು ಮೊದಲು ಹೊರಡುತ್ತದೆ. ಎಲ್ಲಕ್ಕಿಂತ ದೊಡ್ಡದು ಶ್ರೀಕಂಠೇಶ್ವರನ ತೇರು, ಅದರ ಹೆಸರು ಗೌತಮ ರಥ. ಆಗಲೇ ನೆನಪಿಟ್ಟುಕೊಳ್ಳಿ ಎಂದಿದ್ದ ಋಷಿಯ ಹೆಸರೇ ಅದು. ತೇರಿನಲ್ಲಿ ಕೂರುವುದು ಮೂಲ ಲಿಂಗ ಅಲ್ಲ, ಉತ್ಸವಮೂರ್ತಿ. ಮೆರವಣಿಗೆಗಾಗಿಯೇ ಇರುವ ಲೋಹದ ವಿಗ್ರಹಕ್ಕೆ ಹಾಗೆನ್ನುತ್ತಾರೆ.

ತೇರು ಎಳೆಯುವುದು ಬೆಳಗಿನ ಮುಹೂರ್ತದಲ್ಲಿ. ಆ ದಿನ ಬೆಳಗ್ಗೆ ಮೈಸೂರಿನಿಂದ ಹೊರಟರೆ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹಿಂದಿನ ರಾತ್ರಿಯೇ ತಲುಪಿ, ಇಲ್ಲ ನಸುಕಿನಲ್ಲೇ ಹೊರಡಿ. ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ನಡೆಯಬೇಕಾಗುತ್ತದೆ.

ಹೊಸದಾಗಿ ಮದುವೆಯಾದವರು ತೇರಿಗೆ ಹಣ್ಣು ಜವನ ಎಸೆಯುವ ಸಂಪ್ರದಾಯ ಇದೆ. ಬಾಳೆಹಣ್ಣಿಗೆ ಜವನ ಎಂಬ ಘಮಘಮ ಎಲೆಯ ಕಡ್ಡಿ ಸಿಕ್ಕಿಸಿ, ಮನಸ್ಸಿನಲ್ಲಿ ಬೇಡಿಕೊಂಡು ಎಸೆಯುವುದು. ಹಣ್ಣು ತೇರಿಗೆ, ಕಳಶಕ್ಕೆ ತಾಗಿದರೆ ಒಳ್ಳೆಯದು ಅಂತ ನಂಬಿಕೆ. ಗುರಿ ತಪ್ಪಿದರೆ ಯಾರದ್ದೋ ತಲೆಗೆ ಬೀಳುತ್ತದೆ, ಅವರು ನಗುತ್ತಾರೆ, ಇಷ್ಟೇ. ಕಲ್ಲಿನಂಥ ಕಾಯಿ ಬಾಳೆ ಎಸೆಯಬೇಡಿ ಮಾತ್ರ.

ಹಗ್ಗ ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ. ಹಿಡಿಯುವುದಾದರೆ ಹಗ್ಗದ ತುದಿಯ ಕಡೆ ಹೋಗಿ, ಚಕ್ರದ ಹತ್ತಿರ ಅಲ್ಲ. ಚಕ್ರದ ಪಕ್ಕ ಗೊದ್ದ ಹಾಕುವವರಿಗೆ ಜಾಗ ಬಿಡಬೇಕು. ಗೊದ್ದ ಅಂದರೆ ತೇರು ನಿಲ್ಲಿಸಲು, ತಿರುಗಿಸಲು ಚಕ್ರದ ಅಡಿಗೆ ಕೊಡುವ ಮರದ ತುಂಡು. ಮಕ್ಕಳನ್ನು ಕರ್ಕೊಂಡು ಹೋಗಬಹುದಾ ಎಂದರೆ, ನೂಕುನುಗ್ಗಲಿನ ರಥಬೀದಿಗೆ ಬೇಡ. ತೇರು ಸ್ವಸ್ಥಾನ ಸೇರಿದ ಮೇಲೆ, ಇಲ್ಲವೇ ಒಂದೆರಡು ದಿನ ಬಿಟ್ಟು ನಡೆಯುವ ತೆಪ್ಪೋತ್ಸವಕ್ಕೆ ಕರ್ಕೊಂಡು ಹೋಗಿ. ದೀಪಾಲಂಕಾರದ ತೆಪ್ಪದಲ್ಲಿ ದೇವರನ್ನು ಕೂರಿಸಿ ಕಪಿಲೆಯಲ್ಲಿ ವಿಹಾರ ಮಾಡಿಸುತ್ತಾರೆ.

9. ಬಾಳೆಹಣ್ಣು ಮತ್ತು ವಾಪಸ್ ದಾರಿ

ನಂಜನಗೂಡಿಗೆ ಹೋಗಿ ರಸಬಾಳೆ ತರದೆ ಬಂದರೆ ಮನೆಯಲ್ಲಿ ಕೇಳುತ್ತಾರೆ. ಭೌಗೋಳಿಕ ಗುರುತು ಪಡೆದ ತಳಿ ಇದು, ಅಂದರೆ ಈ ಸೀಮೆಯಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಪನಾಮ ಸೊರಗು ರೋಗ ಬಂದು ತೋಟಗಳು ಬಹಳ ಕಮ್ಮಿಯಾದವು. ಹಾಗಾಗಿ ರಸ್ತೆ ಪಕ್ಕ "ರಸಬಾಳೆ" ಅಂತ ಕೂಗುವುದೆಲ್ಲ ರಸಬಾಳೆ ಅಲ್ಲ. ಬೆಲೆ ತೀರಾ ಅಗ್ಗ ಇದ್ದರೆ ಅನುಮಾನ ಪಡಿ. ಊರಿನ ಪರಿಚಯದವರು ಇದ್ದರೆ ಅವರ ಕೈಲೇ ತರಿಸಿ. ಸಿಪ್ಪೆ ಕಪ್ಪಾಯಿತು ಅಂತ ಬಿಸಾಡಬೇಡಿ, ನಿಜವಾದ ರಸಬಾಳೆಗೆ ರುಚಿ ಬರುವುದೇ ಆಗ.

ಹೊತ್ತಿದ್ದರೆ ವಾಪಸ್ ಬರುವಾಗ ಜನಪದ ಕಥೆಯ ಉಳಿದ ಅರ್ಧವನ್ನೂ ನೋಡಿ. ಮೈಸೂರು ಹತ್ತಿರವಾಗುತ್ತಿದ್ದ ಹಾಗೆ ರಸ್ತೆಯಿಂದ ಒಳಕ್ಕೆ, ಬೆಟ್ಟದ ಬುಡದಲ್ಲಿ ಉತ್ತನಹಳ್ಳಿ ಸಿಗುತ್ತದೆ. ಅಲ್ಲಿರುವುದು ಚಾಮುಂಡಿಯ ತಂಗಿ, ಜ್ವಾಲಾಮುಖಿ ಅಮ್ಮ. ಮಹಿಷನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ರಕ್ಕಸ ಹುಟ್ಟುತ್ತಿದ್ದಾಗ, ಇವಳು ನಾಲಗೆ ಚಾಚಿ ಒಂದು ಹನಿಯೂ ಬೀಳದ ಹಾಗೆ ಹಿಡಿದಳಂತೆ. ಅಲ್ಲಿಂದ ಬೆಟ್ಟ ಹತ್ತಿದರೆ ಚಾಮುಂಡಿ. ಆಷಾಢ ಶುಕ್ರವಾರ ಈ ದಾರಿ ಹಿಡಿಯಬೇಡಿ, ಬೆಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನಗಳಲ್ಲಿ ಬೆಳಗ್ಗೆ ಏಳಕ್ಕೆ ನಂಜನಗೂಡಿನಲ್ಲಿದ್ದರೆ ಮೂರೂ ಕಡೆ ನೋಡಿಕೊಂಡು ಸಂಜೆ ಮೈಸೂರಿನಲ್ಲಿ ಬಸ್ಸೋ ರೈಲೋ ಹಿಡಿಯಬಹುದು. ಮಧ್ಯಾಹ್ನ ಎಲ್ಲ ಕಡೆಯೂ ಸ್ವಲ್ಪ ಹೊತ್ತು ಬಾಗಿಲು ಹಾಕುವುದರಿಂದ, ಊಟವನ್ನು ನಂಜನಗೂಡಿನಲ್ಲೇ ಮುಗಿಸಿ, ಬಿಸಿಲು ಇಳಿದ ಮೇಲೆ ಉತ್ತನಹಳ್ಳಿ ಕಡೆ ಹೊರಡಿ.